ಕೆಂಪು ಕಣ್ಣನ್ನು ಹಗುರವಾಗಿ ಎಣಿಸಬೇಡಿ

(ಅಥಣಿ ಭಾಗದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಕಬ್ಬಿನ ಕಟಾವು ಬಿಟ್ಟು ಬಂದಿದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ಸಂಘವೊಂದರ ಸದಸ್ಯೆಗೆ ಕಬ್ಬಿನ ರವದಿ ಕಣ್ಣಿಗೆ ಬಡಿಯಿತು. ಆಕೆಗೆ ಸಕ್ಕರೆ ಕಾಯಿಲೆ. ಮೊದಲ ದಿನ ಎದೆಹಾಲು ಹಿಂಡಿದರು, ಮರುದಿನ ಹರಳೆಣ್ಣೆ ಬಿಟ್ಟರು, ಮೂರನೆಯ ದಿನ ಔಷಧ ಅಂಗಡಿಯಿಂದ ಹನಿ ತಂದರು. ಕೆಂಪು ಇಳಿಯಿತು. "ಆರಾಮ ಆಗೇತ್ರಿ ಸಿಸ್ಟರ್" ಅಂದಳು. ನಾವೂ ನಂಬಿದೆವು, ಅದು ನಮ್ಮ ತಪ್ಪು. ಆ ಹನಿಯಲ್ಲಿ ಸ್ಟಿರಾಯ್ಡ್ ಇತ್ತು. ಅದು ಕೆಂಪನ್ನು ಮುಚ್ಚುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ವಾರದೊಳಗೆ ಕರಿಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಹುಣ್ಣು. ಹುಣ್ಣು ಮಾಯ್ದರೂ ಕಲೆ ಉಳಿಯಿತು. ಈಗ ಆ ಕಣ್ಣಿಗೆ ಬೆಳಕಷ್ಟೇ ಗೊತ್ತಾಗುತ್ತದೆ.

2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಕಣ್ಣಬೇನೆ ಬಂದಿತ್ತಲ್ಲ, ಅದು ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಯಿತು. ಕರಿಗುಡ್ಡೆಯ ಹುಣ್ಣು ಹಾಗಲ್ಲ. ಹಸಿ ಮಣ್ಣು, ನೀರಿನಲ್ಲಿರುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಗುಡ್ಡೆಯನ್ನು ಕೊರೆದುಬಿಡಬಲ್ಲದು. ಸಕ್ಕರೆ ಕಾಯಿಲೆ, ಎಚ್.ಐ.ವಿ. ಇದ್ದವರು, ಕ್ಯಾನ್ಸರ್ ಔಷಧಿ ಅಥವಾ ಬಹುಕಾಲ ಸ್ಟಿರಾಯ್ಡ್ ಗುಳಿಗೆ ತಗೊಳ್ಳುವವರಲ್ಲಿ ತಡೆಯುವ ಶಕ್ತಿ ಕಡಿಮೆ. ಕೆಂಪು, ಬಾವು ಎಂದರೆ ದೇಹ ಹೋರಾಡುವ ಗುರುತು. ಇವರಲ್ಲಿ ಆ ಗುರುತೇ ಮಸುಕಾಗಿರಬಹುದು. "ನೋವು ಅಷ್ಟೇನಿಲ್ಲ ಬಿಡ್ರಿ" ಎಂದು ಕೂಡ್ರಬೇಡಿ.

ಕಣ್ಣು ಮಂಜಾದರೆ, ಬೆಳಕು ಚುಚ್ಚಿದರೆ, ಕೀವು ಬಂದರೆ, ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರರ ಹತ್ತಿರ ಹೋಗಿರಿ. ಅಥಣಿ ತಾಲೂಕಾ ಆಸ್ಪತ್ರೆಯಿಂದ ಮಿರಜಿಗೋ ಬೆಳಗಾವಿಗೋ ಕಳಿಸಿದರೆ ನಾಳೆ ಅನ್ನಬೇಡಿ. ಹುಣ್ಣನ್ನು ಕೆರೆದು ಪರೀಕ್ಷೆ ಮಾಡುತ್ತಾರೆ. ಕಬ್ಬಿನ ಎಲೆ ತಾಗಿದ ಕಣ್ಣಿಗೆ ಬೂಷ್ಟು ಹಿಡಿಯುವುದೂ ಉಂಟು, ಅದರ ಔಷಧಿ ಬೇರೆ. ಮೊದಮೊದಲು ತಾಸಿಗೊಮ್ಮೆ, ರಾತ್ರಿಯೂ ಎದ್ದು ಹನಿ ಹಾಕಬೇಕಾಗುತ್ತದೆ. ಸೊಸೆಯೋ ಮಗಳೋ ಜೊತೆಗಿರಲಿ. ಕಣ್ಣಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಡಿ.

ಇನ್ನೊಂದು ಮಾತು. ಎಚ್.ಐ.ವಿ. ಇರುವುದನ್ನು ಕಣ್ಣಿನ ಡಾಕ್ಟರಿಗೆ ಹೇಳದೆ ಮುಚ್ಚಿಡುವವರಿದ್ದಾರೆ. ಹೇಳಿರಿ, ಚಿಕಿತ್ಸೆಯೇ ಬದಲಾಗುತ್ತದೆ. ಎ.ಆರ್.ಟಿ. ಗುಳಿಗೆಯನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಎಲ್ಲರಿಗೂ ಸಿಗುತ್ತದೆ. ತಪ್ಪದೆ ನುಂಗಿದರೆ ತಡೆಯುವ ಶಕ್ತಿ ಮರಳುತ್ತದೆ. ಆದರೆ ಸಂಘದಲ್ಲಿ ಯಾರ ಕಾಯಿಲೆಯನ್ನೂ ಕೆದಕಿ ಕೇಳಬೇಡಿ.

ಆ ತಂಗಿ ಮೂರು ದಿನ ತಡ ಮಾಡಿದ್ದು ಬಸ್ಸಿನ ಖರ್ಚಿಗೆ ಹಣವಿಲ್ಲದೆ ಎಂದು ನಮಗೆ ಆಮೇಲೆ ತಿಳಿಯಿತು. ಸಂಘದ ಪೆಟ್ಟಿಗೆಯಲ್ಲಿ ಹಣವಿತ್ತು, ಸಭೆ ಮಾತ್ರ ಇರಲಿಲ್ಲ. ಆದ್ದರಿಂದ ಇವತ್ತೇ ಠರಾವು ಬರೆಯಿರಿ: ಕಣ್ಣಿನ ತುರ್ತಿಗೆ ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರೇ ಸಹಿ ಮಾಡಿ ಅದೇ ದಿನ ಸಾಲ ಕೊಡಬಹುದು.