ಅಡ್ಡಹೆಸರುಗಳ ತರಗತಿ ಮತ್ತು ನಮ್ಮ ಹೊಣೆ

(ಕಮಲಾಪುರದಲ್ಲಿ ನಡೆದ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

 

ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರ್‌ಗೆ ಹೋಗುವವರು ಈ ಊರನ್ನು ಬಾಳೆಹಣ್ಣಿನಿಂದ ಗುರುತಿಸುತ್ತಾರೆ. ಕಮಲಾಪುರದ ಕೆಂಪು ಬಾಳೆಗೆ ಜಿ.ಐ. ಮಾನ್ಯತೆಯೂ ದೊರೆತಿದೆ. ಎಲ್ಲ ಹಣ್ಣುಗಳಂತಿರದೆ ಬೇರೆ ಬಣ್ಣದ್ದಾಗಿರುವುದರಿಂದಲೇ ಅದಕ್ಕೆ ಹೆಸರು, ಅದರಿಂದಲೇ ಬೆಲೆ. ಆದರೆ ಇದೇ ನೆಲದಲ್ಲಿ ಒಂದು ಮಗು ಬೇರೆ ಬಣ್ಣದ್ದಾಗಿದ್ದರೆ, ಬೇರೆ ಭಾಷೆಯನ್ನಾಡಿದರೆ, ತಾಂಡಾದಿಂದಲೋ ಊರ ಹೊರಗಿನ ಕೇರಿಯಿಂದಲೋ ಬಂದಿದ್ದರೆ, ಶಾಲೆಯಲ್ಲಿ ಅದರ ಬೆಲೆ ಇಳಿಯುತ್ತದೆ. ಹಣ್ಣಿನ ವಿಷಯದಲ್ಲಿ ನಮಗಿರುವ ವಿವೇಕ ಮಕ್ಕಳ ವಿಷಯದಲ್ಲಿ ಏಕಿಲ್ಲ ಎಂಬುದೇ ಇಂದು ನಾವು ತಮ್ಮ ಮುಂದಿಡಬಯಸುವ ಪ್ರಶ್ನೆ.

ಜನಾಂಗೀಯ ತಾರತಮ್ಯ ಎಂದೊಡನೆ ನಮ್ಮ ಮನಸ್ಸು ಅಮೆರಿಕಕ್ಕೋ ದಕ್ಷಿಣ ಆಫ್ರಿಕಕ್ಕೋ ಹಾರುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. 2012ರ ಆಗಸ್ಟ್‌ನಲ್ಲಿ ನಮ್ಮ ರಾಜಧಾನಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ರೈಲು ಹತ್ತಿ ಓಡಿದರು. ರಮಝಾನ್ ಮುಗಿದ ಮೇಲೆ ಮುಸ್ಲಿಮರು ಅವರ ಮೇಲೆ ದಾಳಿ ನಡೆಸುತ್ತಾರೆಂಬ ವದಂತಿಯನ್ನು ಹಬ್ಬಿಸಲಾಗಿತ್ತು. ಅವರ ಮುಖದ ಚಹರೆ ಅವರನ್ನು ಹೆದರಿಸಲು ಸಾಕಾಯಿತು, ನಮ್ಮ ಹೆಸರು ಅವರು ಹೆದರಲು ಸಾಕಾಯಿತು. ಒಂದೇ ವದಂತಿಯಿಂದ ಎರಡು ಸಮುದಾಯಗಳು ಅವಮಾನಿತವಾದವು. 2014ರಲ್ಲಿ ದೆಹಲಿಯಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಗೊಳಗಾಗಿ ಮೃತಪಟ್ಟ ಬಳಿಕ ಕೇಂದ್ರ ಸರಕಾರ ನೇಮಿಸಿದ ಬೆಝ್‌ಬರುವಾ ಸಮಿತಿಯು ಈಶಾನ್ಯದ ಇತಿಹಾಸ ಮತ್ತು ಸಂಸ್ಕೃತಿಯನ್ನು ಶಾಲಾ ಪಠ್ಯದಲ್ಲಿ ಕಲಿಸಬೇಕೆಂದು ಶಿಫಾರಸು ಮಾಡಿತು. ಅರಿವಿಲ್ಲದ ಕಡೆ ವದಂತಿ ಬೆಳೆಯುತ್ತದೆ ಎಂಬುದನ್ನು ಆ ಸಮಿತಿ ಅರ್ಥ ಮಾಡಿಕೊಂಡಿತ್ತು.

2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ಪ್ರಜೆಯೊಬ್ಬನ ಕಾರು ಮಹಿಳೆಯೊಬ್ಬರ ಪ್ರಾಣ ತೆಗೆಯಿತು. ಉದ್ರಿಕ್ತ ಗುಂಪು ಹಲ್ಲೆ ನಡೆಸಿದ್ದು, ಆ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಅಪರಾಧಕ್ಕೂ ಆಕೆಗೂ ಇದ್ದ ಸಂಬಂಧ ಚರ್ಮದ ಬಣ್ಣವೊಂದೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಾಡುಗಳಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿಗಳು ನಮ್ಮದೇ ನಾಡಿನವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹೀಗಿದ್ದರೂ ಪೇಟೆಗೆ ಬಂದ ಸಿದ್ದಿ ಹುಡುಗನನ್ನು ಯಾವ ದೇಶದಿಂದ ಬಂದೆ ಎಂದು ಕೇಳುವ ಕನ್ನಡಿಗರಿಗೆ ಕೊರತೆಯಿಲ್ಲ.

ಈಗ ನಮ್ಮ ಸಮುದಾಯದ ಕಡೆ ಬರೋಣ. 2022ರ ನವೆಂಬರ್‌ನಲ್ಲಿ ಕರಾವಳಿಯ ಕಾಲೇಜೊಂದರ ತರಗತಿಯಲ್ಲಿ ಅಧ್ಯಾಪಕರೊಬ್ಬರು ಮುಸ್ಲಿಮ್ ವಿದ್ಯಾರ್ಥಿಯನ್ನು ಭಯೋತ್ಪಾದಕನೊಬ್ಬನ ಹೆಸರಿನಿಂದ ಕರೆದರು. ಆ ಯುವಕ ಎದ್ದು ನಿಂತು, ಇದು ತಮಾಷೆಯ ಮಾತಲ್ಲ, ಈ ದೇಶದಲ್ಲಿ ಮುಸ್ಲಿಮನಾಗಿ ದಿನವೂ ಇಂಥದ್ದನ್ನು ಎದುರಿಸುವುದು ವಿನೋದವಲ್ಲ ಎಂದ. ನೀನು ನನ್ನ ಮಗನ ಹಾಗೆ ಎಂದು ಅಧ್ಯಾಪಕರು ಸಮಾಧಾನಪಡಿಸಲು ಹೊರಟಾಗ, ನಿಮ್ಮ ಮಗನನ್ನು ಹೀಗೆ ಕರೆಯುವಿರಾ ಎಂದು ಮರುಪ್ರಶ್ನೆ ಹಾಕಿದ. ಕೈ ಎತ್ತಲಿಲ್ಲ, ಬೈಗುಳ ಆಡಲಿಲ್ಲ. ಅಧ್ಯಾಪಕರು ಕ್ಷಮೆ ಕೇಳಿದರು, ಸಂಸ್ಥೆ ಅವರನ್ನು ಬೋಧನೆಯಿಂದ ದೂರವಿಟ್ಟು ವಿಚಾರಣೆಗೆ ಆದೇಶಿಸಿತು. ಆ ವಿಡಿಯೋವನ್ನು ನಾವೆಲ್ಲರೂ ಹೆಮ್ಮೆಯಿಂದ ಹಂಚಿಕೊಂಡೆವು. ಅದೇ ವರ್ಷ ಸಮವಸ್ತ್ರದ ಹೆಸರಿನಲ್ಲಿ ನಮ್ಮ ಹೆಣ್ಣು ಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ಪ್ರಕರಣದಲ್ಲಿ ಭಿನ್ನ ತೀರ್ಪು ನೀಡಿದ್ದರು. ಆದ್ದರಿಂದ ಭಿನ್ನವಾಗಿ ಕಾಣುವವರನ್ನು ಶಾಲೆ ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ನಮಗೆ ಪುಸ್ತಕದ ಪ್ರಶ್ನೆಯಲ್ಲ.

ಆದರೆ ಬಂಧುಗಳೇ, ಆ ವಿಡಿಯೋ ನೋಡುವಾಗ ನಮಗೆ ಇನ್ನೊಬ್ಬ ಹುಡುಗನ ನೆನಪಾಯಿತು. ನಾವು ಮದ್ರಸದಲ್ಲಿ ಓದುತ್ತಿದ್ದ ಕಾಲ. ಹಳ್ಳಿಯೊಂದರಿಂದ ಬಂದ ಸಹಪಾಠಿ. ಮನೆಮಾತು ಕನ್ನಡ, ಉರ್ದು ತಡವರಿಸುತ್ತಿತ್ತು. ಬಣ್ಣ ಕಪ್ಪು. ಎರಡನೇ ವಾರದಲ್ಲೇ ಅವನಿಗೆ ‘ಹಬ್ಶಿ’ ಎಂಬ ಹೆಸರು ಬಿತ್ತು. ಯಾರು ಇಟ್ಟರೆಂಬುದು ತಿಳಿಯದು, ಆದರೆ ನಾವೂ ಕರೆದೆವು. ಒಮ್ಮೆ ಉಸ್ತಾದರೂ ಅದೇ ಹೆಸರಿನಿಂದ ಕರೆದಾಗ ಇಡೀ ತರಗತಿ ನಕ್ಕಿತು, ಅವನೂ ನಕ್ಕ. ಬಕ್ರೀದ್ ರಜೆಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ಹಳ್ಳಿಯ ಹುಡುಗ, ಓದು ಹತ್ತಲಿಲ್ಲ ಎಂದು ನಾವು ಮಾತನಾಡಿಕೊಂಡೆವು. ಅದೇ ವರ್ಷ ನಾವು ಬಿಲಾಲ್(ರ) ಅವರ ಚರಿತ್ರೆಯನ್ನು ಕಣ್ಣೀರಿಡುತ್ತಾ ಓದಿದ್ದೆವು. ಬಹಳ ವರ್ಷಗಳ ನಂತರ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಅವರು ಎದುರಾದರು. ಮಾತನಾಡಿಸಲೆಂದು ಹತ್ತಿರ ಹೋದೆವು. ಕರೆಯೋಣವೆಂದರೆ ಅವರ ನಿಜವಾದ ಹೆಸರು ನಮಗೆ ನೆನಪಾಗಲಿಲ್ಲ. ಸಲಾಮ್ ಹೇಳಿ ಸುಮ್ಮನೆ ನಿಂತೆವು. ಅವರಿಗೆ ನಮ್ಮ ಹೆಸರು ನೆನಪಿತ್ತು.

ಇದನ್ನು ನಮ್ಮೊಬ್ಬರ ತಪ್ಪೊಪ್ಪಿಗೆ ಎಂದು ಬಿಟ್ಟುಬಿಡಬೇಡಿ. ತಮ್ಮ ಮನೆಯ ಮಾತುಗಳನ್ನು ಒಮ್ಮೆ ಆಲಿಸಿ. ಹುಡುಗಿ ನೋಡಲು ಹೋದವರು ಮೊದಲು ಕೇಳುವುದು ಬಣ್ಣವನ್ನು. ಕನ್ನಡವನ್ನೇ ಮನೆಮಾತಾಗಿಸಿಕೊಂಡ ಪಿಂಜಾರ, ನದಾಫ್ ಬಂಧುಗಳನ್ನು ಅರ್ಧ ಮುಸ್ಲಿಮರೆಂಬಂತೆ ಕಾಣುವ ಉರ್ದು ಮನೆಗಳಿವೆ. ತಾಂಡಾದ ಮಗುವನ್ನೂ ದಲಿತರ ಮಗುವನ್ನೂ ಜಾತಿ ಎತ್ತಿ ಕರೆಯುವ ಪದಗಳು ನಮ್ಮ ಅಂಗಡಿ ಕಟ್ಟೆಗಳಲ್ಲೂ ಕೇಳಿಬರುತ್ತವೆ. ಸಂಜೆ ಇವನ್ನೆಲ್ಲ ಕೇಳಿಸಿಕೊಂಡ ಮಗು ಬೆಳಿಗ್ಗೆ ಅದನ್ನೇ ಶಾಲೆಗೆ ಒಯ್ಯುತ್ತದೆ. ನಮ್ಮ ಮಗುವನ್ನು ಪಾಕಿಸ್ತಾನಿ ಎಂದು ಕರೆದಾಗ ನಮಗಾಗುವ ನೋವು ನಿಜವಾದರೆ, ನಮ್ಮ ಮಗು ಇನ್ನೊಬ್ಬನನ್ನು ಕರೆದಾಗ ಅವನ ತಾಯಿಗಾಗುವ ನೋವೂ ಅಷ್ಟೇ ನಿಜ.

ಪವಿತ್ರ ಕುರ್‌ಆನ್ ಈ ರೋಗಕ್ಕೆ ಚಿಕಿತ್ಸೆ ಹೇಳಿದೆ. ಜನಾಂಗ, ಪಂಗಡಗಳಿರುವುದು ಪರಸ್ಪರ ಅರಿತುಕೊಳ್ಳಲಿಕ್ಕೆ ಎಂಬ ಅಲ್‌ಹುಜುರಾತ್ ಅಧ್ಯಾಯದ 13ನೇ ಸೂಕ್ತವನ್ನು ನಾವು ಪ್ರತಿಯೊಂದು ವೇದಿಕೆಯಲ್ಲೂ ಉಲ್ಲೇಖಿಸುತ್ತೇವೆ. ಅದಕ್ಕೆ ಎರಡು ಸೂಕ್ತಗಳ ಮುಂಚೆ, 11ನೇ ಸೂಕ್ತದಲ್ಲಿ, ಪರಿಹಾಸ್ಯ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ನಿಷೇಧಿಸಲಾಗಿದೆ. ಮೊದಲು ನಾಲಿಗೆಯ ಶಿಸ್ತು, ಆಮೇಲೆ ಮಾನವ ಸಮಾನತೆಯ ಘೋಷಣೆ. ಈ ಕ್ರಮದಲ್ಲಿ ಶಿಕ್ಷಕರಿಗೆ ದೊಡ್ಡ ಪಾಠವಿದೆ. ಭಾಷೆ ಮತ್ತು ಬಣ್ಣಗಳ ವ್ಯತ್ಯಾಸವನ್ನು ಅರ್‍ರೂಮ್ ಅಧ್ಯಾಯ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸಿದೆ. ಅಬೂದರ್(ರ) ಒಮ್ಮೆ ಕೋಪದಲ್ಲಿ ಒಬ್ಬರನ್ನು ಅವರ ತಾಯಿಯ ಮೂಲವೆತ್ತಿ ಹಂಗಿಸಿದಾಗ, ನಿಮ್ಮಲ್ಲಿ ಅಜ್ಞಾನಕಾಲದ ಅಂಶ ಇನ್ನೂ ಉಳಿದಿದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಆ ಮಹಾನ್ ಸಹಾಬಿ ವಾದಿಸಲಿಲ್ಲ. ಮುಂದೆ ತಾವು ತೊಡುವಂಥದೇ ಉಡುಪನ್ನು ಸೇವಕನಿಗೂ ತೊಡಿಸಿದರು. ತಿದ್ದಿದವರು ಮೌನವಾಗಿರಲಿಲ್ಲ, ತಿದ್ದಿಸಿಕೊಂಡವರು ಹಠ ಹಿಡಿಯಲಿಲ್ಲ. ಶಾಲೆಯಲ್ಲಿ ಬೇಕಾದುದು ಈ ಎರಡೇ.

ನಮ್ಮ ನೆಲದ ಇತಿಹಾಸವೂ ಇದನ್ನೇ ಹೇಳುತ್ತದೆ. 1347ರಲ್ಲಿ ಕಲಬುರಗಿ ಬಹಮನಿ ರಾಜ್ಯದ ರಾಜಧಾನಿಯಾಯಿತು. ಆ ರಾಜ್ಯಕ್ಕೆ ಇರಾನಿನಿಂದ ಬಂದವರಿದ್ದರು, ಆಫ್ರಿಕದಿಂದ ಬಂದ ಹಬ್ಶಿಗಳಿದ್ದರು, ಕನ್ನಡ, ಮರಾಠಿ, ತೆಲುಗು ಜನರಿದ್ದರು. ಖ್ವಾಜಾ ಬಂದೇನವಾಝ್ ದೆಹಲಿಯಿಂದ ಇಲ್ಲಿಗೆ ಬಂದು ಬೋಧಿಸಿ 1422ರಲ್ಲಿ ಇಲ್ಲಿಯೇ ನಿಧನರಾದರು. ಹೊರಗಿನಿಂದ ಬಂದವರನ್ನು ಸ್ವೀಕರಿಸಿದ್ದರಿಂದ ರಾಜ್ಯ ಬೆಳೆಯಿತು. ದಖ್ಖನಿಗಳು ಮತ್ತು ಆಫಾಕಿಗಳು, ಅಂದರೆ ಸ್ಥಳೀಯರು ಮತ್ತು ಪರದೇಶಿಗಳು, ಎಂಬ ಕಚ್ಚಾಟದಿಂದ ಅದು ಕುಸಿಯಿತು. ಬೀದರ್‌ನಲ್ಲಿ ಹಿರಿಮೆಯ ಮದ್ರಸ ಕಟ್ಟಿಸಿದ ಮಹಮೂದ್ ಗವಾನರನ್ನು 1481ರಲ್ಲಿ ಬಲಿ ತೆಗೆದುಕೊಂಡದ್ದು ಅದೇ ಪಕ್ಷಭೇದದ ಒಳಸಂಚು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರ ರಾಜ್ಯವನ್ನೇ ಮುನ್ನಡೆಸಿ 1626ರಲ್ಲಿ ತೀರಿಕೊಂಡ ವಿಷಯ ತಿಳಿದಿದ್ದರೆ, ಹಬ್ಶಿ ಎಂಬ ಪದವನ್ನು ನಾವು ಬೈಗುಳವಾಗಿ ಬಳಸುತ್ತಿದ್ದೆವೇ?

ಇನ್ನು ಶಾಲೆಯಲ್ಲಿ ಮಾಡಬೇಕಾದುದೇನು? ಕಾನೂನಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2023ರಲ್ಲಿ ರಾಜ್ಯ ಸರಕಾರ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಲು ನಿರ್ಧರಿಸಿತು. 2024ರ ಬಜೆಟ್‌ನಲ್ಲಿ ‘ನಾವು ಮನುಜರು’ ಎಂಬ ಕಾರ್ಯಕ್ರಮದಡಿ ವಾರಕ್ಕೆ ಎರಡು ಗಂಟೆ ಸಹಬಾಳ್ವೆಯ ಕುರಿತು ಸಂವಾದ ನಡೆಸುವುದಾಗಿ ಘೋಷಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ಬೆಳಗಿನ ಪ್ರಾರ್ಥನೆಯಲ್ಲಿ ಭ್ರಾತೃತ್ವ ಎಂದು ಓದಿದ ಮಗು ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲಿ ಪಕ್ಕದವನಿಂದ ಸರಿದು ಕುಳಿತರೆ, ಓದಿದ್ದು ತುಟಿಯಲ್ಲೇ ಉಳಿಯಿತು ಎಂದರ್ಥ.

ಶಿಕ್ಷಕ ಬಂಧುಗಳಲ್ಲಿ ನಮ್ಮ ಮೊದಲ ಬಿನ್ನಹ, ಹಾಜರಿ ಕರೆಯುವಾಗ ಪ್ರತಿ ಮಗುವಿನ ಹೆಸರನ್ನು ಸರಿಯಾಗಿ, ಪೂರ್ತಿಯಾಗಿ ಉಚ್ಚರಿಸಿ. ಎರಡನೆಯದು, ಕುಳಿತುಕೊಳ್ಳುವ ಜಾಗವನ್ನು ವಾರವಾರ ಬದಲಾಯಿಸಿ. ಮೂರನೆಯದು, ಮನೆಯ ಭಾಷೆಗಳನ್ನು ತರಗತಿಗೆ ಕರೆತನ್ನಿ. ನಾವು ತಿನ್ನುವ ಧಾನ್ಯವನ್ನೇ ಕನ್ನಡದ ಮಗು ಜೋಳ ಎನ್ನುತ್ತದೆ, ತೆಲುಗಿನ ಮಗು ಜೊನ್ನಲು ಎನ್ನುತ್ತದೆ, ಉರ್ದುವಿನ ಮಗು ಜವಾರ್, ಮರಾಠಿಯ ಮಗು ಜ್ವಾರಿ ಎನ್ನುತ್ತದೆ. ಲಂಬಾಣಿ ಮಗುವನ್ನೂ ಎಬ್ಬಿಸಿ ತನ್ನ ಅಜ್ಜಿ ಏನೆನ್ನುತ್ತಾಳೆಂದು ಕೇಳಿ. ಎಂದೂ ಬಾಯಿ ತೆರೆಯದ ಮಗು ಆ ದಿನ ಇಡೀ ತರಗತಿಗೆ ಗುರುವಾಗುತ್ತದೆ.

ನಾಲ್ಕನೆಯದು, ಪ್ರತಿಭಟಿಸುವುದನ್ನು ಕಲಿಸಿ. ನಮ್ಮಲ್ಲಿ ಸಹಿಸಿಕೋ ಎನ್ನುವ ತಾಯಂದಿರಿದ್ದಾರೆ, ಹೊಡೆದು ಬಾ ಎನ್ನುವ ತಂದೆಯರಿದ್ದಾರೆ. ಇವೆರಡರ ನಡುವೆ ಒಂದು ದಾರಿಯಿದೆ. ಅವನ ಹೆಸರು ಅದಲ್ಲ, ಇದು ಎಂದು ಗಟ್ಟಿಯಾಗಿ ಹೇಳುವುದು. ನೊಂದವನ ಪಕ್ಕಕ್ಕೆ ಹೋಗಿ ನಿಲ್ಲುವುದು. ಆಮೇಲೂ ನಿಲ್ಲದಿದ್ದರೆ ಹಿರಿಯರಿಗೆ ತಿಳಿಸುವುದು. ತನಗಾದಾಗ ಎದ್ದು ನಿಲ್ಲುವುದು ಧೈರ್ಯ. ಇನ್ನೊಬ್ಬನಿಗಾದಾಗ ಎದ್ದು ನಿಲ್ಲುವುದು ನ್ಯಾಯ. ನಮ್ಮ ಆ ಮದ್ರಸದ ತರಗತಿಯಲ್ಲಿ ಒಬ್ಬನೇ ಒಬ್ಬ ಹಾಗೆ ನಿಂತಿದ್ದರೆ ಬಕ್ರೀದ್ ನಂತರ ಆ ಹುಡುಗ ಮರಳುತ್ತಿದ್ದನೇನೋ.

ಕೆಲವು ಹಿರಿಯರಿಗೆ ಒಂದು ಅಳುಕಿದೆ. ಎಲ್ಲರ ಸಂಸ್ಕೃತಿಯನ್ನು ಮೆಚ್ಚಲು ಕಲಿಸಿದರೆ ಮಕ್ಕಳ ಈಮಾನ್ ಸಡಿಲವಾಗದೇ ಎಂದು. ಅದು ಪ್ರಾಮಾಣಿಕವಾದ ಅಳುಕು, ನಾವು ಅದನ್ನು ಹಗುರಾಗಿ ಕಾಣುವುದಿಲ್ಲ. ಕಲಬುರಗಿಯಲ್ಲಿ ಬಂದೇನವಾಝ್ ದರ್ಗಾ, ಶರಣಬಸವೇಶ್ವರ ದೇವಾಲಯ, ಬುದ್ಧ ವಿಹಾರ ಒಂದೇ ಊರಿನಲ್ಲಿವೆ. ಅವನ್ನು ನೋಡಿ, ಅವುಗಳ ಹಿಂದಿರುವ ಜನರ ಬದುಕನ್ನು ತಿಳಿದು ಬರುವುದು ಬೇರೆ, ಆರಾಧನೆಯಲ್ಲಿ ಭಾಗವಹಿಸುವುದು ಬೇರೆ. ಪರರನ್ನು ಗೌರವಿಸಲು ತನ್ನ ನಂಬಿಕೆಯನ್ನು ಬಿಡಬೇಕಾಗಿಲ್ಲ. ಪರರನ್ನು ಹೀಯಾಳಿಸುವುದರಿಂದ ನಂಬಿಕೆ ಗಟ್ಟಿಯಾಗುವುದೂ ಇಲ್ಲ. ಇದೇ ಗೌರವವನ್ನು ನಾವು ಇತರರಿಂದ ನಮ್ಮ ಮಕ್ಕಳಿಗೆ ಹಕ್ಕಾಗಿ ಕೇಳುತ್ತಿದ್ದೇವೆ. ಕೊಡದೆ ಕೇಳುವವರ ಮಾತಿಗೆ ತೂಕವಿರುವುದಿಲ್ಲ.

ಪೋಷಕರಲ್ಲಿ ಕೊನೆಯ ವಿನಂತಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗುವನ್ನು ಅಂಕ ಎಷ್ಟು ಬಂತೆಂದು ಕೇಳಬೇಡಿ. ನಿನ್ನ ತರಗತಿಯಲ್ಲಿ ಅಡ್ಡಹೆಸರಿನಿಂದ ಕರೆಸಿಕೊಳ್ಳುವ ಮಗು ಯಾರು, ಅದರ ನಿಜವಾದ ಹೆಸರೇನು ಎಂದು ಕೇಳಿ. ಮಗುವಿಗೆ ಗೊತ್ತಿಲ್ಲದಿದ್ದರೆ, ನಾಳೆ ತಿಳಿದುಕೊಂಡು ಬರಲು ಹೇಳಿ.

ಅಲ್ಲಾಹನು ನಮ್ಮ ನಾಲಿಗೆಗಳನ್ನು ಶುದ್ಧಗೊಳಿಸಲಿ, ನಮ್ಮ ಮಕ್ಕಳನ್ನು ನ್ಯಾಯದ ಪಕ್ಷದಲ್ಲಿ ನಿಲ್ಲುವವರನ್ನಾಗಿ ಮಾಡಲಿ. ಆಮೀನ್.