ಸೂತಕದ ಮನೆಯಿಂದ ಹೊರಟ ಕಾಗದಗಳು



ಸಾವಾದ ಮನೆಗೆ ನಾವು ಮಾತಾಡಿಸಿಕೊಂಡು ಬರಲು ಹೋಗುತ್ತೇವೆ. ಗಂಡನನ್ನು ಕಳೆದುಕೊಂಡಾಕೆ ಬಾಯಿಬಿಡಲಿ ಎಂದು ಅಲ್ಲಿ ಯಾರೂ ಕಾಯುವುದಿಲ್ಲ. ಬಂದವರೇ ನಾಲ್ಕು ಮಾತಾಡಿ ಏಳುತ್ತಾರೆ. 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಗುಂಡೇಟಿಗೆ ಬಲಿಯಾದಾಗ ಜಗತ್ತು ಅವರ ಪತ್ನಿ ಜಾಕ್ವೆಲಿನ್ ಅವರನ್ನೂ ಹಾಗೇ ನೋಡಿತು: ಕಪ್ಪು ಮುಸುಕು, ಮೌನ. ಆದರೆ ಅವರು ಬರೆಯುತ್ತಿದ್ದರು.

ಅಂತ್ಯಕ್ರಿಯೆಯಾದ ಮರುದಿನ, 26ರಂದು, ಹೊಸ ಅಧ್ಯಕ್ಷ ಜಾನ್ಸನ್ ಅವರಿಗೆ ಒಂದು ಕಾಗದ. ಶವಯಾತ್ರೆಯಲ್ಲಿ ನಡೆದು ಬಂದಿರಿ, ಕೊಲೆಯಾದ ರಾತ್ರಿಯೇ ನನ್ನ ಮಕ್ಕಳಿಬ್ಬರಿಗೂ ಕಾಗದ ಬರೆದಿರಿ ಎಂದು ಕೃತಜ್ಞತೆ. ಜೊತೆಗೆ ಇನ್ನೊಂದು ಮಾತು. ಮಗಳ ಪುಟ್ಟ ಶಾಲೆ ಶ್ವೇತಭವನದಲ್ಲೇ ನಡೆಯುತ್ತಿತ್ತು. ಕಚೇರಿಯ ಮೊದಲ ದಿನವೇ ಹುಲ್ಲುಹಾಸಿನ ಮೇಲೆ ಮಕ್ಕಳ ಗಲಾಟೆ ಕೇಳಿ ನಿಮಗೇನು ಉಪಕಾರವಾದೀತು ಎಂಬ ಸಂಕೋಚ! ದೇಶವೇ ಅಳುತ್ತಿರುವಾಗ ಈಕೆಗೆ ಬಂದವರ ಅನುಕೂಲದ ಚಿಂತೆ. ಮನೆ ನಡೆಸಿದವರಿಗಷ್ಟೇ ಹೊಳೆಯುವ ಮಾತಿದು.

ಎರಡನೆಯ ಕಾಗದ ಡಿಸೆಂಬರ್ 1ರದು. ನಮ್ಮ ಲೆಕ್ಕದಲ್ಲಿ ಹತ್ತನೇ ದಿನ, ಸೂತಕ ಇನ್ನೂ ಕಳೆದಿಲ್ಲ. ಅದು ಹೋದದ್ದು ಮಾಸ್ಕೋಗೆ, ಸೋವಿಯತ್ ನಾಯಕ ಕ್ರುಶ್ಚೇವ್ ಅವರಿಗೆ. ಎರಡೂ ದೇಶಗಳನ್ನು ಯುದ್ಧದ ಅಂಚಿಗೆ ತಂದಿದ್ದ ಕ್ಯೂಬಾದ ಕ್ಷಿಪಣಿಗಳ ಭಯ ಕಳೆದು ಬರೀ ಹದಿಮೂರು ತಿಂಗಳಾಗಿತ್ತು. ನೀವೂ ನನ್ನ ಗಂಡನೂ ಎದುರಾಳಿಗಳು, ಆದರೂ ಜಗತ್ತು ಸುಟ್ಟುಹೋಗಬಾರದೆಂಬ ಹಟದಲ್ಲಿ ಒಂದಾಗಿದ್ದಿರಿ ಎಂದು ಬರೆಯುತ್ತಾರೆ. ಯುದ್ಧ ಹಚ್ಚುವವರು ದೊಡ್ಡವರಲ್ಲ, ಭಯಕ್ಕೂ ಹಮ್ಮಿಗೂ ಸಿಕ್ಕಿದ ಸಣ್ಣವರು ಎಂಬುದೇ ತನ್ನ ಗಂಡನನ್ನು ಕಾಡುತ್ತಿದ್ದ ಆತಂಕ ಎನ್ನುತ್ತಾರೆ. ಸಂತಾಪಕ್ಕೆ ಉತ್ತರವೆಂದು ಹೊರಟದ್ದು ರಾಜತಂತ್ರವಾಗಿಬಿಟ್ಟಿತು.

ಇದಕ್ಕೆ ಎರಡೇ ದಿನ ಮುಂಚೆ, ಲೈಫ್ ಪತ್ರಿಕೆಯ ಥಿಯೊಡೋರ್ ವೈಟ್ ಎದುರು ಕುಳಿತು ಅವರೇ ಕೆನಡಿ ಕಾಲವನ್ನು ಕ್ಯಾಮೆಲಾಟ್ ಎಂಬ ರಾಜಕತೆಗೆ ಹೋಲಿಸಿದ್ದರು. ಲೋಕ ಹಿಡಿದುಕೊಂಡದ್ದು ಆ ಕತೆಯನ್ನು. ನನ್ನ ಮಟ್ಟಿಗೆ ಕತೆಗಿಂತ ಕಾಗದವೇ ಹೆಚ್ಚು ತೂಕದ್ದು. ಅದರಲ್ಲಿ ಅಲಂಕಾರವಿಲ್ಲ, ಕೆಲಸವಿದೆ.

ಗಂಡನನ್ನು ಕಳೆದುಕೊಂಡ ರಾಣಿಯ ಪಾಡು ನಮ್ಮ ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ತಿರುವುಮುರುವಾಗಿತ್ತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವರ ಪತ್ನಿ ಕೆಂಪನಂಜಮ್ಮಣ್ಣಿಯವರ ಕೈಗೆ ಅಧಿಕಾರವೇ ಬಂತು. 1902ರವರೆಗೆ ಅವರು ರೀಜೆಂಟರು. ಜಾಕ್ವೆಲಿನ್‌ಗೆ ವೈಧವ್ಯದೊಡನೆ ಮನೆಯೂ ಹೋಯಿತು, ಸ್ಥಾನವೂ ಹೋಯಿತು. ಉಳಿದದ್ದು ಲೇಖನಿ.

ಡಿಸೆಂಬರ್ 6ರಂದು ಅವರು ಶ್ವೇತಭವನ ಬಿಟ್ಟರು. ಮುಂದಿನ ಅಕ್ಟೋಬರಿನಲ್ಲಿ ಕ್ರುಶ್ಚೇವ್ ಅವರನ್ನೂ ಅವರ ಪಕ್ಷದವರೇ ಕುರ್ಚಿಯಿಂದ ಇಳಿಸಿದರು.