ಬಿಂಬವೂ ಮನಸ್ಸೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



1953ರಲ್ಲಿ ಆಂಧ್ರ ರಾಜ್ಯವು ಉದಯಿಸುವವರೆಗೆ ನಮ್ಮ ಆದವಾನಿಯೂ ಹಂಪೆಯೂ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದುವು. ಜಿಲ್ಲೆ ಬೇರೆಯಾದರೂ ವಿರೂಪಾಕ್ಷನ ದರ್ಶನವನ್ನು ನಾವು ಬಿಟ್ಟಿಲ್ಲ. ಆ ದೇವಾಲಯದ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ ಮೂಡಣ ಮಹಾಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಬೆರಗಿನಿಂದ ನೋಡುತ್ತೇವೆ. ಬೆಳಕು ನೇರವಾಗಿ ಸಾಗತಕ್ಕದ್ದು. ಗೋಪುರದ ತುದಿಯಿಂದ ಹೊರಟ ಕಿರಣವು ಕಿರಿದಾದ ರಂಧ್ರವನ್ನು ಹಾಯ್ದು ಗೋಡೆಯ ಕೆಳಭಾಗವನ್ನು ಸೇರುತ್ತದೆ. ಬುಡದಿಂದ ಹೊರಟದ್ದು ಮೇಲ್ಭಾಗವನ್ನು ಸೇರುತ್ತದೆ. ಇಷ್ಟೇ ಅದರ ಮರ್ಮ.

ನಮ್ಮ ಕಣ್ಣೂ ಅಂಥದೇ ಒಂದು ಕತ್ತಲೆಯ ಕೋಣೆ. ಅದರ ಒಳಪರದೆಯ ಮೇಲೆ ಬೀಳುವ ಬಿಂಬವೂ ತಲೆಕೆಳಗೆಂದು 1604ರಲ್ಲಿ ಖಗೋಳಶಾಸ್ತ್ರಜ್ಞನಾದ ಕೆಪ್ಲರನು ವಿವರಿಸಿದನು. ಆದರೂ ಆದವಾನಿಯ ಬೆಟ್ಟವು ನಮಗೆ ಬುಡಮೇಲಾಗಿ ಕಾಣುವುದಿಲ್ಲ. ಅಮೆರಿಕೆಯ ಸ್ಟ್ರ್ಯಾಟನ್ ಎಂಬ ಮನಶ್ಶಾಸ್ತ್ರಜ್ಞನು ನೋಟವನ್ನೇ ಬುಡಮೇಲು ಮಾಡುವ ಮಸೂರವನ್ನು ಎಂಟು ದಿನ ಧರಿಸಿ, ತನ್ನ ಅನುಭವವನ್ನು 1897ರಲ್ಲಿ ಪ್ರಕಟಿಸಿದನು. ಮೊದಮೊದಲು ನೋಟಕ್ಕೂ ಕೈಗೂ ಹೊಂದಿಕೆಯಿರಲಿಲ್ಲ. ದಿನ ಕಳೆದಂತೆ ಮನಸ್ಸು ಹೊಂದಿಕೊಂಡಿತು. ಬಿಂಬವನ್ನು ಒದಗಿಸುವುದು ಕಣ್ಣು. ಅದಕ್ಕೆ ಅರ್ಥ ಕೊಡುವುದು ಅಭ್ಯಾಸದಿಂದ ಪಳಗಿದ ಮನಸ್ಸು.

ಅಕ್ಷರಗಳೂ ಬಿಂಬಗಳೇ ಅಲ್ಲವೇ? ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ‘ಪಾಲು’ ಎಂಬ ಮಾತು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿರುತ್ತದೆ. ಅದನ್ನು ಕಂಡೊಡನೆ ತೆಲುಗರ ಮನಸ್ಸಿಗೆ ಹೊಳೆಯುವುದು ಹಾಲು; ಕನ್ನಡಿಗರ ಮನಸ್ಸಿಗೆ, ತಮಗೆ ಸಲ್ಲಬೇಕಾದ ಭಾಗ. ನಮ್ಮ ಮಕ್ಕಳು ಎರಡನ್ನೂ ಬಲ್ಲರು. ಇದು ಗಡಿನಾಡಿನ ಭಾಗ್ಯ.

ಆದರೆ ಈ ಭಾಗ್ಯವು ತಾನಾಗಿ ಉಳಿಯತಕ್ಕದ್ದಲ್ಲ. ಅಂಗಡಿಯ ಫಲಕದಲ್ಲಿ, ಬಸ್ಸಿನ ಹಲಗೆಯಲ್ಲಿ, ಕಚೇರಿಯ ಕಾಗದದಲ್ಲಿ ತೆಲುಗಿನ ಅಭ್ಯಾಸ ಬೀದಿಯಲ್ಲಿಯೇ ದೊರೆಯುತ್ತದೆ. ಕನ್ನಡಕ್ಕಾದರೋ ಮನೆ ಮತ್ತು ಶಾಲೆ ಇವೆರಡೇ ಆಸರೆ. ಅವೂ ಕೈಬಿಟ್ಟರೆ ನಾಳೆ ಅಜ್ಜನ ಕಾಗದವು ಮೊಮ್ಮಗನ ಕಣ್ಣಿಗೆ ಬಿದ್ದೀತು; ತೆಲುಗಿನ ಬಲದಿಂದ ಅವನು ಅಕ್ಷರಗಳನ್ನು ಕೂಡಿಸಿಯೂ ಓದಿಯಾನು; ಅಜ್ಜನ ಮಾತು ಮಾತ್ರ ಅವನ ಮನಸ್ಸಿನಲ್ಲಿ ಮೂಡಲಾರದು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ರಾತ್ರಿಯ ಊಟಕ್ಕೆ ಮೊದಲು ಮಕ್ಕಳಿಂದ ಕನ್ನಡದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿರಿ; ಓದಿದುದರ ಅರ್ಥವನ್ನು ಕೇಳಿರಿ. ಶಾಲೆಯಲ್ಲಿ ನಾವು ಮಾಡುವ ಕೆಲಸಕ್ಕೆ ಅದಕ್ಕಿಂತ ದೊಡ್ಡ ನೆರವು ಬೇರೊಂದಿಲ್ಲ.